ಕ್ಯೋಟೊದಲ್ಲಿ ಹೋಟೆಲ್: ಮೊದಲು ಬಾಗಿಲು, ಆಮೇಲೆ ಬಾಡಿಗೆ

‘ನಿಲ್ದಾಣದಿಂದ 5 ನಿಮಿಷ ನಡಿಗೆ’ ಎಂಬ ಸಾಲು ಕಂಡ ಕೂಡಲೇ ಬುಕ್ ಮಾಡುವವರೇ ಹೆಚ್ಚು. ಯಾವ ಬಾಗಿಲಿನಿಂದ 5 ನಿಮಿಷ ಎಂದು ನೋಡುವವರು ಕಡಿಮೆ. ಜಪಾನಿನ ಮನೆ-ಜಾಗದ ಜಾಹೀರಾತುಗಳಲ್ಲಿ ಒಂದು ನಿಮಿಷವೆಂದರೆ 80 ಮೀಟರ್. ಹೋಟೆಲಿನವರ ಲೆಕ್ಕವೂ ಸುಮಾರು ಹೀಗೇ. ಸಿಗ್ನಲ್ಲಿನಲ್ಲಿ ಕಾಯುವುದು, ಲಿಫ್ಟ್ ಹುಡುಕುವುದು, ಸೂಟ್‌ಕೇಸ್ ಎಳೆಯುವುದು ಅದರಲ್ಲಿ ಸೇರುವುದಿಲ್ಲ.

ಕ್ಯೋಟೊ ನಿಲ್ದಾಣದ ಉತ್ತರಕ್ಕೆ ಕರಾಸುಮಾ ಬಾಗಿಲು, ದಕ್ಷಿಣಕ್ಕೆ ಹಚಿಜೊ ಬಾಗಿಲು. ನಡುವೆ ಹಳಿಗಳ ಸಾಲು. ದೇವಸ್ಥಾನಗಳಿಗೆ ಹೋಗುವ ಸಿಟಿ ಬಸ್ಸುಗಳು ಹೊರಡುವುದು ಉತ್ತರದಿಂದ, ಕ್ಯೋಟೊ ಟವರ್ ಇರುವ ಕಡೆಯಿಂದ. ಶಿಂಕಾನ್ಸೆನ್ (ಬುಲೆಟ್ ರೈಲು), ನಾರಾಕ್ಕೆ ಹೋಗುವ ಕಿಂಟೆತ್ಸು ರೈಲು, ಕನ್ಸಾಯ್ ವಿಮಾನ ನಿಲ್ದಾಣದ ಬಸ್ಸು ದಕ್ಷಿಣಕ್ಕೆ. ವಿಮಾನ ನಿಲ್ದಾಣದ ಹರುಕಾ ರೈಲು ಮಾತ್ರ 30ನೇ ಪ್ಲಾಟ್‌ಫಾರ್ಮಿನಿಂದ. 0 ಮತ್ತು 30 ಸೇರಿ 558 ಮೀಟರ್ ಉದ್ದದ ಒಂದೇ ಪ್ಲಾಟ್‌ಫಾರ್ಮ್. 30 ಇರುವುದು ಅದರ ಪಶ್ಚಿಮ ತುದಿಯಲ್ಲಿ. ಹತ್ತು ನಿಮಿಷ ಮೊದಲೇ ಹೊರಡಿ.

ಎರಡೇ ರಾತ್ರಿ ಇದ್ದು, ಬೆಳಗಿನ ಶಿಂಕಾನ್ಸೆನ್ ಹಿಡಿಯುವವರಿಗೆ ಹಚಿಜೊ ಕಡೆಯೇ ಸರಿ. ಸಂಜೆ ಓಡಾಡಬೇಕು, ಊಟಕ್ಕೆ ನಾಲ್ಕಾರು ಕಡೆ ನೋಡಬೇಕು ಎನ್ನುವವರಿಗೆ ನಿಲ್ದಾಣದ ಹತ್ತಿರ ಇರುವುದೇ ದಂಡ. ಸುರಂಗ ರೈಲಿನಲ್ಲಿ ಎರಡು ಸ್ಟಾಪ್ ದಾಟಿ ಶಿಜೊ ಸುತ್ತಮುತ್ತ ಹುಡುಕಿ.

ಮುಂದಿನ ತೊಡಕು ಕೋಣೆ. ‘ಸೆಮಿ-ಡಬಲ್’ ಎಂದರೆ ಸಾಮಾನ್ಯವಾಗಿ 120 ಸೆಂ.ಮೀ. ಅಗಲದ ಹಾಸಿಗೆ. ಇಬ್ಬರಿಗೆ ಎಂದು ಬರೆದಿರುತ್ತಾರೆ, ಮಗ್ಗುಲು ಬದಲಿಸಲು ಜಾಗವಿರುವುದಿಲ್ಲ. ಅಗ್ಗದ ಕೋಣೆಗಳು 12-13 ಚದರ ಮೀಟರ್. ಎರಡು ದೊಡ್ಡ ಸೂಟ್‌ಕೇಸ್ ಒಟ್ಟಿಗೆ ಬಿಚ್ಚಲಾಗದು. ಇಬ್ಬರಿಗಾದರೆ ಟ್ವಿನ್ (ಎರಡು ಬೇರೆ ಹಾಸಿಗೆಯ ಕೋಣೆ), 16 ಚದರ ಮೀಟರ್‌ಗಿಂತ ಕಡಿಮೆ ಬೇಡ. ಫೋಟೊ ನಂಬಬೇಡಿ, ಅಳತೆ ಓದಿ. ‘ಸಿಗರೇಟಿಗೆ ಅವಕಾಶವಿಲ್ಲ’ ಎಂಬುದನ್ನೂ ನೋಡಿಕೊಳ್ಳಿ. ಕೊನೆಗೆ ಉಳಿಯುವ ಅಗ್ಗದ ಕೋಣೆಗಳಲ್ಲಿ ಧೂಮಪಾನದವೇ ಜಾಸ್ತಿ, ವಾಸನೆ ಪರದೆಯಿಂದ ಹೋಗುವುದಿಲ್ಲ.

ಬೆಲೆ ಹೋಲಿಸುವಾಗ, ಕೆಲವು ಜಪಾನೀ ಸೈಟುಗಳು ಕೋಣೆಗಲ್ಲ, ತಲೆಗೆ ಇಷ್ಟು ಎಂದು ತೋರಿಸುತ್ತವೆ ಎಂಬುದು ನೆನಪಿರಲಿ. ಕ್ಯೋಟೊ ನಗರದ ವಸತಿ ತೆರಿಗೆ ಬೇರೆ. ಅದೂ ತಲೆಗೆ, ರಾತ್ರಿಗೆ ಇಷ್ಟೆಂದು. ಬಹಳಷ್ಟು ಕಡೆ ಕೌಂಟರಿನಲ್ಲೇ ಕಟ್ಟಬೇಕು. 2026ರ ಮಾರ್ಚ್‌ನಿಂದ ದರ ಏರಿದೆ: ತಲೆಗೆ 6,000ದಿಂದ 19,999 ಯೆನ್‌ವರೆಗಿನ ಬಾಡಿಗೆಗೆ 400 ಯೆನ್.

ಚೆಕ್-ಇನ್ ಹೆಚ್ಚಾಗಿ ಮಧ್ಯಾಹ್ನ 3ಕ್ಕೆ. ಅದಕ್ಕೂ ಮೊದಲು ಲಗೇಜ್ ಇಟ್ಟುಕೊಳ್ಳುತ್ತಾರೆ, ಕೋಣೆ ಕೊಡುವುದಿಲ್ಲ. ಉದ್ದ, ಅಗಲ, ಎತ್ತರ ಕೂಡಿ 160 ಸೆಂ.ಮೀ. ದಾಟುವ ಪೆಟ್ಟಿಗೆಗೆ ಟೋಕಿಯೊ ಕಡೆ ಹೋಗುವ ಟೊಕಾಯ್ಡೊ ಶಿಂಕಾನ್ಸೆನ್‌ನಲ್ಲಿ ಜಾಗ ಸಹಿತ ಸೀಟು ಮೊದಲೇ ಕಾದಿರಿಸಬೇಕು, ಇಲ್ಲವಾದರೆ 1,000 ಯೆನ್ ದಂಡ. ಮುಂದಿನ ಊರು ಟೋಕಿಯೊ ಆದರೆ, ಪೆಟ್ಟಿಗೆಯನ್ನು ಅಲ್ಲಿನ ಹೋಟೆಲಿಗೆ ತಕ್ಕ್ಯುಬಿನ್ ಕೊರಿಯರ್‌ನಲ್ಲಿ ಕಳಿಸುವುದು ಹಗುರ. ಸಾಮಾನ್ಯವಾಗಿ ಮರುದಿನ ತಲುಪುತ್ತದೆ. ಒಂದು ರಾತ್ರಿಯ ಬಟ್ಟೆ, ಮಾತ್ರೆ ಕೈಚೀಲದಲ್ಲಿರಲಿ.

ಸಸ್ಯಾಹಾರಿಗಳು ಬೆಳಗಿನ ತಿಂಡಿ ಸೇರಿದ ದರ ತೆಗೆದುಕೊಳ್ಳುವ ಮುನ್ನ ಯೋಚಿಸಿ. ಮಿಸೊ ಸೂಪು, ಬೇಯಿಸಿದ ತರಕಾರಿ, ಮೊಟ್ಟೆಯ ಸುರುಳಿ ಎಲ್ಲದರಲ್ಲೂ ಒಣಮೀನಿನ ದಾಶಿ ಸಾರು ಇರುವುದೇ ವಾಡಿಕೆ. ಬಿಸಿನೀರಿನ ಕೆಟಲ್ ಕೋಣೆಯಲ್ಲೇ ಇರುತ್ತದೆ, ಊರಿಂದ ತಂದ ಇನ್‌ಸ್ಟಂಟ್ ಉಪ್ಪಿಟ್ಟಿಗೆ ಅಷ್ಟು ಸಾಕು. ಟ್ರಾವೆಲ್ ಕುಕ್ಕರ್ ಹೊರಬೇಡಿ: ಅಲ್ಲಿ ವಿದ್ಯುತ್ 100 ವೋಲ್ಟ್, ನಮ್ಮ 230 ವೋಲ್ಟಿನ ಕುಕ್ಕರ್ ಐದನೇ ಒಂದು ಪಾಲಿನಷ್ಟು ಮಾತ್ರ ಕಾಯುತ್ತದೆ.