ಬ್ರೆಜಿಲ್ ತೆರಿಗೆ: ಪಾಲಿನ ಲೆಕ್ಕದಿಂದ ಓದಬೇಕಾದ ಪಾಠ

ಬ್ರೆಜಿಲ್‌ನ ತೆರಿಗೆಗಳನ್ನು ಬಾಯಿಪಾಠ ಮಾಡಲು ಹೊರಟವರು ಎರಡನೇ ದಿನಕ್ಕೇ ಕೈಚೆಲ್ಲುತ್ತಾರೆ. ನಾನೂ ಚೆಲ್ಲಿದ್ದೆ. ಸರಕು ಮತ್ತು ಸೇವೆಗಳ ಮೇಲೆಯೇ ಐದು ತೆರಿಗೆಗಳಿವೆ. ಐಪಿಐ (ಕಾರ್ಖಾನೆ ಸರಕಿನ ಮೇಲಿನದು), ಪಿಸ್ ಮತ್ತು ಕೊಫಿನ್ಸ್ (ಕಂಪನಿಗಳ ಆದಾಯದ ಮೇಲಿನವು) ಕೇಂದ್ರದವು, ಐಸಿಎಮ್‌ಎಸ್ (ಸರಕು ಮಾರಾಟದ ಮೇಲಿನದು) ರಾಜ್ಯಗಳದು, ಐಎಸ್‌ಎಸ್ (ಸೇವೆಗಳ ಮೇಲಿನದು) ನಗರಾಡಳಿತಗಳದು. 26 ರಾಜ್ಯಗಳು, ಒಂದು ಫೆಡರಲ್ ಜಿಲ್ಲೆ, 5,500ಕ್ಕೂ ಹೆಚ್ಚು ನಗರಾಡಳಿತಗಳು, ಎಲ್ಲಕ್ಕೂ ತಮ್ಮದೇ ನಿಯಮ. ಹೆಸರುಗಳನ್ನು ಸ್ವಲ್ಪ ಪಕ್ಕಕ್ಕಿಟ್ಟು ಪ್ರತಿ ತೆರಿಗೆಗೂ ಒಂದೇ ಪ್ರಶ್ನೆ ಕೇಳಿ ನೋಡಿ: ಈ ದುಡ್ಡು ಯಾರ ಪಾಲಿಗೆ ಹೋಗುತ್ತದೆ? ನನಗೆ ಗಂಟು ಬಿಚ್ಚಿದ್ದು ಅಲ್ಲಿಂದ.

ತೆರಿಗೆ ಬೇರೆ, ವಂತಿಗೆ ಬೇರೆ

ಮಿಲಿಟರಿ ಆಡಳಿತ 1985ರಲ್ಲಿ ಮುಗಿದ ಮೇಲೆ, 1988ರಲ್ಲಿ ಹೊಸ ಸಂವಿಧಾನ ಬಂತು. ಅಧಿಕಾರವೆಲ್ಲ ರಾಜಧಾನಿಯಲ್ಲೇ ಕೂಡಿಬಿದ್ದಿದ್ದರಿಂದ ಬೇಸತ್ತಿದ್ದವರು ಬರೆದ ಸಂವಿಧಾನ ಅದು. ಆದಾಯ ತೆರಿಗೆ ಮತ್ತು ಐಪಿಐಯಲ್ಲಿ ಸರಿಸುಮಾರು ಅರ್ಧದಷ್ಟನ್ನು ಕೇಂದ್ರವು ರಾಜ್ಯಗಳಿಗೆ, ನಗರಾಡಳಿತಗಳಿಗೆ ಬಿಟ್ಟುಕೊಡಬೇಕಾಯಿತು. ಆದರೆ ಸಾಮಾಜಿಕ ಭದ್ರತೆಯ ಹೆಸರಲ್ಲಿ ಎತ್ತುವ ‘ವಂತಿಗೆ’ಗಳಿಗೆ ಈ ಹಂಚಿಕೆ ಅನ್ವಯಿಸುತ್ತಿರಲಿಲ್ಲ. ಮುಂದಿನದನ್ನು ಊಹಿಸುವುದು ಕಷ್ಟವಲ್ಲ. ನೂರು ಎತ್ತಿದರೆ ಐವತ್ತು ಹೋಗುವ ತೆರಿಗೆಗಿಂತ, ಪೂರ್ತಿ ನೂರೂ ಕೈಯಲ್ಲಿ ಉಳಿಯುವ ವಂತಿಗೆಯೇ ಕೇಂದ್ರಕ್ಕೆ ಹಿತವೆನಿಸಿತು. ಇಂಥದೇ ವಂತಿಗೆಯಾದ ಕೊಫಿನ್ಸ್ ಹುಟ್ಟಿದ್ದು 1991ರಲ್ಲಿ. 1970ರಿಂದಲೂ ಇದ್ದ ಪಿಸ್‌ನ ಜೊತೆ ಸೇರಿ ಬೆಳೆಯುತ್ತಲೇ ಹೋಯಿತು.

ಇದಕ್ಕೆ ಹಣದುಬ್ಬರದ ಕಥೆಯನ್ನೂ ಸೇರಿಸಿ ಓದಬೇಕು. 1993ರಲ್ಲಿ ಬ್ರೆಜಿಲ್‌ನ ಹಣದುಬ್ಬರ ಶೇ 2,000 ದಾಟಿತ್ತು. ಅಂಥ ಕಾಲದಲ್ಲಿ ಸರ್ಕಾರ ಬಿಲ್ ಪಾವತಿಯನ್ನು ಎರಡು ತಿಂಗಳು ತಡಮಾಡಿದರೆ ಸಾಕು, ಖರ್ಚು ತಾನಾಗಿಯೇ ಕರಗಿಬಿಡುತ್ತದೆ. 1994ರ ಜುಲೈಯಲ್ಲಿ ರಿಯಲ್ ಎಂಬ ಹೊಸ ನಾಣ್ಯ ಬಂದು ಬೆಲೆಗಳು ನಿಂತವು. ಆ ಯೋಜನೆಯನ್ನು ರೂಪಿಸಿದ ಹಣಕಾಸು ಸಚಿವ ಫರ್ನಾಂಡೊ ಹೆನ್ರಿಕ್ ಕಾರ್ಡೋಸೊ ಅದೇ ವರ್ಷ ಅಧ್ಯಕ್ಷ ಚುನಾವಣೆಯನ್ನೂ ಗೆದ್ದರು. ಆದರೆ ಖರ್ಚನ್ನು ಕರಗಿಸುತ್ತಿದ್ದ ಆ ಗುಪ್ತ ಉಪಾಯವೂ ಹೋಯಿತು. ಖಾಲಿಯಾದ ಜಾಗವನ್ನು ತುಂಬಿದವುಗಳಲ್ಲಿ ವಂತಿಗೆಗಳೇ ಮುಖ್ಯ. ಇವತ್ತು ಒಟ್ಟು ತೆರಿಗೆ ಜಿಡಿಪಿಯ ಮೂರನೇ ಒಂದು ಭಾಗದಷ್ಟಿದೆ. ಶ್ರೀಮಂತ ದೇಶಗಳ ಮಟ್ಟದ ತೆರಿಗೆ, ಆದರೆ ಆದಾಯ ಆ ಮಟ್ಟದ್ದಲ್ಲ.

‘ಒಳಗಿನಿಂದ’ ಲೆಕ್ಕ

ಪರೀಕ್ಷೆಯಲ್ಲಿ ಎಲ್ಲರೂ ಎಡವುವ ಜಾಗ ಇದು. ಐಸಿಎಮ್‌ಎಸ್ ಶೇ 18, ಸರಕಿನ ಮೂಲಬೆಲೆ 100 ರಿಯಲ್ ಎಂದರೆ ಬೆಲೆ 118 ಅಂತ ಬರೆದುಬಿಡುತ್ತೇವೆ. ತಪ್ಪು. ಅಲ್ಲಿ ತೆರಿಗೆ ಬೀಳುವುದು ತೆರಿಗೆಯೂ ಸೇರಿದ ಬೆಲೆಯ ಮೇಲೆ. ಅಂದರೆ ಅಂತಿಮ ಬೆಲೆಯಲ್ಲಿ ಶೇ 18 ಕಳೆದರೆ 100 ಉಳಿಯಬೇಕು. 100 ಅನ್ನು 0.82ರಿಂದ ಭಾಗಿಸಿ: 121.95. ಕಾಗದದ ಮೇಲೆ 18, ನಿಜಕ್ಕೆ ಹತ್ತಿರ ಹತ್ತಿರ 22.

ಅಷ್ಟಕ್ಕೇ ಮುಗಿಯಲಿಲ್ಲ. ಪಿಸ್ ಮತ್ತು ಕೊಫಿನ್ಸ್ ಲೆಕ್ಕ ಹಾಕುವಾಗ ಈ ಐಸಿಎಮ್‌ಎಸ್ ಮೊತ್ತವನ್ನೂ ಕಂಪನಿಯ ಆದಾಯವೆಂದೇ ಹಿಡಿಯುತ್ತಿದ್ದರು. ರಾಜ್ಯಕ್ಕೆ ಕಟ್ಟುವ ತೆರಿಗೆ ನನ್ನ ಆದಾಯ ಹೇಗಾಯಿತು ಎಂದು ಕಂಪನಿಗಳು ವರ್ಷಗಟ್ಟಲೆ ಕೋರ್ಟಿನಲ್ಲಿ ಹೊಡೆದಾಡಿದವು. 2017ರಲ್ಲಿ ಸುಪ್ರೀಂ ಕೋರ್ಟ್ ಕಂಪನಿಗಳ ಕಡೆ ನಿಂತಿತು. ಅಲ್ಲಿನ ವಕೀಲರು ಇದನ್ನು ‘ಶತಮಾನದ ವಾದ’ ಎನ್ನುತ್ತಾರೆ. ಮೊತ್ತ ನೋಡಿದರೆ ಉತ್ಪ್ರೇಕ್ಷೆ ಅನಿಸುವುದಿಲ್ಲ.

ರಾಜ್ಯಗಳ ತೆರಿಗೆ ಯುದ್ಧ

ಒಂದು ರಾಜ್ಯದಿಂದ ಇನ್ನೊಂದಕ್ಕೆ ಸರಕು ಹೋದಾಗ ಐಸಿಎಮ್‌ಎಸ್‌ನ ಒಂದು ಪಾಲು ಸರಕು ಹೊರಟ ರಾಜ್ಯಕ್ಕೇ ಸೇರುತ್ತದೆ: ಶ್ರೀಮಂತ ಸಾವೊ ಪಾಲೊದಿಂದ ಬಡ ಬಹಿಯಾಕ್ಕೆ ಹೋದರೆ ಶೇ 7, ಬಹಿಯಾದಿಂದ ಸಾವೊ ಪಾಲೊಗೆ ಬಂದರೆ ಶೇ 12. ಬಡ ರಾಜ್ಯಗಳಿಗೆ ಅನುಕೂಲವಾಗಲಿ ಎಂಬ ಉದ್ದೇಶ. ಆದರೆ ಬಾಗಿಲು ತೆರೆದುಕೊಂಡದ್ದು ಇಲ್ಲಿಯೇ. ಹೊರಟ ರಾಜ್ಯ ಬಿಲ್ಲಿನಲ್ಲಿ ಶೇ 12 ಬರೆದು, ಹಿಂದಿನ ಬಾಗಿಲಿನಿಂದ ಅದನ್ನು ಕಾರ್ಖಾನೆಗೆ ವಾಪಸು ಕೊಡುತ್ತದೆ. ಸರಕು ತಲುಪಿದ ರಾಜ್ಯ ಮಾತ್ರ ಬಿಲ್ ನೋಡಿ ಪೂರ್ತಿ 12ಕ್ಕೆ ಕ್ರೆಡಿಟ್ ಕೊಡಬೇಕು, ಅಂದರೆ ಆಗಲೇ ಕಟ್ಟಿದ್ದೆಂದು ತನ್ನ ತೆರಿಗೆಯಲ್ಲಿ ಅಷ್ಟನ್ನು ಕಳೆಯಬೇಕು. ಯಾರೂ ಕಟ್ಟದ ತೆರಿಗೆಗೆ ಕ್ರೆಡಿಟ್! ಇಂಥ ರಿಯಾಯಿತಿಗೆ ಎಲ್ಲ ರಾಜ್ಯಗಳ ಒಮ್ಮತ ಬೇಕೆಂದು 1975ರ ಕಾನೂನೇ ಹೇಳಿತ್ತು. ಅದನ್ನು ಕೇಳಿದವರು ಕಡಿಮೆ.

ಎಲ್ಲರೂ ಹೇಳುವ ಉದಾಹರಣೆ ಫೋರ್ಡ್. ರಿಯೊ ಗ್ರಾಂಡೆ ದೊ ಸುಲ್‌ನಲ್ಲಿ ನಿಗದಿಯಾಗಿದ್ದ ಕಾರ್ಖಾನೆ, ಹೊಸ ರಾಜ್ಯ ಸರ್ಕಾರ ರಿಯಾಯಿತಿಗಳ ಮರುಚರ್ಚೆಗೆ ಕೂತಾಗ, 1999ರಲ್ಲಿ ಬಹಿಯಾದ ಕಮಸಾರಿಗೆ ಹಾರಿತು. 2021ರಲ್ಲಿ ಅದನ್ನೂ ಮುಚ್ಚುವುದಾಗಿ ಫೋರ್ಡ್ ಘೋಷಿಸಿತು. ಈಗ ಆ ಜಾಗದಲ್ಲಿ ಚೀನಾದ ಬಿವೈಡಿ ಇದೆ. ಇನ್ನೊಂದು ವಿಚಿತ್ರ ಮನಾಸ್ ನಗರ: 1967ರ ಮುಕ್ತ ವಲಯದ ರಿಯಾಯಿತಿಗಳಿಂದಾಗಿ ದೇಶದ ಬಹುತೇಕ ಮೋಟಾರ್‌ಬೈಕುಗಳು ಅಮೆಜಾನ್ ಕಾಡಿನ ನಡುವೆ ತಯಾರಾಗುತ್ತವೆ. ಗ್ರಾಹಕರು ಸಾವಿರಾರು ಕಿಲೋಮೀಟರ್ ದೂರದಲ್ಲಿದ್ದರೂ ಲೆಕ್ಕ ಸರಿಹೋಗುತ್ತದೆ, ಏಕೆಂದರೆ ಅದು ತೆರಿಗೆಯ ಲೆಕ್ಕ.

ರಫ್ತಿನ ಬಗ್ಗೆ ಒಂದೇ ಮಾತು ಸಾಕು. 1996ರ ಕಾಂಡಿರ್ ಕಾನೂನು ಸೋಯಾ, ಕಬ್ಬಿಣದ ಅದಿರಿನಂಥ ಕಚ್ಚಾ ಸರಕುಗಳ ರಫ್ತನ್ನೂ ಐಸಿಎಮ್‌ಎಸ್‌ನಿಂದ ಬಿಟ್ಟಿತು. ರಫ್ತು ಬೆಳೆಯಲಿ ಎಂಬುದು ಕೇಂದ್ರದ ಆಸೆ, ಕಳೆದುಕೊಂಡದ್ದು ರಾಜ್ಯಗಳ ತೆರಿಗೆ. ಪರಿಹಾರದ ಜಗಳ ದಶಕಗಳ ಕಾಲ ನಡೆಯಿತು.

ಈ ಎಲ್ಲದರ ಬೆಲೆ ಸಮಯದಲ್ಲಿ ಕಾಣುತ್ತದೆ. ವಿಶ್ವಬ್ಯಾಂಕಿನ 2020ರ ವರದಿಯ ಪ್ರಕಾರ ಅಲ್ಲಿನ ಒಂದು ಮಧ್ಯಮ ಗಾತ್ರದ ಕಂಪನಿಗೆ ತೆರಿಗೆ ಕೆಲಸಕ್ಕೇ ವರ್ಷಕ್ಕೆ ಸುಮಾರು 1,500 ಗಂಟೆ ಬೇಕಿತ್ತು.

ಆದಾಯ ತೆರಿಗೆ, ಚುಟುಕಾಗಿ

ಗರಿಷ್ಠ ದರ ಶೇ 27.5. ಕಂಪನಿಗಳಿಗೆ ಎಲ್ಲ ಸೇರಿ ಶೇ 34. ಆದರೆ 1996ರಿಂದ ಲಾಭಾಂಶಕ್ಕೆ ತೆರಿಗೆಯೇ ಇರಲಿಲ್ಲ. ಸಂಬಳದವರ ಜೇಬಿಗೆ ಕತ್ತರಿ, ಷೇರುದಾರರಿಗೆ ಬಿಡುವು. 2025ರ ಕಾನೂನು ಇದನ್ನು ಸ್ವಲ್ಪ ತಿದ್ದಿತು: 2026ರಿಂದ ತಿಂಗಳಿಗೆ 5,000 ರಿಯಲ್‌ವರೆಗಿನ ಆದಾಯಕ್ಕೆ ತೆರಿಗೆ ಇಲ್ಲ, ಅತಿ ಹೆಚ್ಚು ಆದಾಯದವರಿಗೆ ಕನಿಷ್ಠ ತೆರಿಗೆ.

ಸುಧಾರಣೆ

2023ರ ಡಿಸೆಂಬರಿನ 132ನೇ ಸಂವಿಧಾನ ತಿದ್ದುಪಡಿ ಹಳೆಯ ಪರೋಕ್ಷ ತೆರಿಗೆಗಳ ಬದಲಿಗೆ ಎರಡು ಮೌಲ್ಯವರ್ಧಿತ ತೆರಿಗೆಗಳನ್ನು ತಂದಿತು: ಕೇಂದ್ರಕ್ಕೆ ಸಿಬಿಎಸ್, ರಾಜ್ಯ ಮತ್ತು ನಗರಾಡಳಿತಗಳಿಗೆ ಐಬಿಎಸ್. ಐಪಿಐಯನ್ನು ಮಾತ್ರ ಪೂರ್ತಿ ಅಳಿಸಿಲ್ಲ. ಮನಾಸ್‌ನ ರಕ್ಷಣೆಗೆ ಅಂತ ಉಳಿಸಿಕೊಂಡಿದ್ದಾರೆ. ಮುಖ್ಯ ಬದಲಾವಣೆ, ತೆರಿಗೆ ಇನ್ನು ಸೇರುವುದು ಸರಕು ಬಳಕೆಯಾಗುವ ಜಾಗಕ್ಕೆ. ಹಾಗಾಗಿ ಕಾರ್ಖಾನೆಯನ್ನು ತೆರಿಗೆ ಬಿಟ್ಟುಕೊಟ್ಟು ಸೆಳೆಯುವ ಆಟಕ್ಕೆ ಬಂಡವಾಳವೇ ಉಳಿಯುವುದಿಲ್ಲ. ಒಳಗಿನಿಂದ ಲೆಕ್ಕವೂ ಹೋಗುತ್ತದೆ. 2026 ಬರೀ ಪರೀಕ್ಷೆಯ ವರ್ಷ, ಎರಡೂ ಸೇರಿ ದರ ಶೇ 1. 2027ರಲ್ಲಿ ಪಿಸ್, ಕೊಫಿನ್ಸ್ ಹೋಗುತ್ತವೆ. ಐಸಿಎಮ್‌ಎಸ್, ಐಎಸ್‌ಎಸ್ 2029ರಿಂದ ಮೆಲ್ಲಗೆ ಇಳಿದು 2033ಕ್ಕೆ ಪೂರ್ತಿ ನಿಲ್ಲುತ್ತವೆ.

ತೆರಿಗೆ ಕಟ್ಟುವವರಿಗೆ ಹೀಗೆ 2033ಕ್ಕೆ ಎಲ್ಲ ಮುಗಿಯಿತು. ಬಂದ ದುಡ್ಡನ್ನು ರಾಜ್ಯಗಳು ಹಳೆಯ ಪಾಲಿನಿಂದ ಹೊಸ ಪಾಲಿಗೆ ಸರಿಸಿಕೊಳ್ಳಲು ತಿದ್ದುಪಡಿ ಕೊಟ್ಟಿರುವ ಗಡುವು 2077.