ಬೇರುಗಂಟು: ಯಾವ ಗಂಟು?

ಪಾವಗಡದ ಕಡೆಯ ಪರಿಚಯದವರೊಬ್ಬರು ಕಡಲೆಕಾಯಿ ಗಿಡ ಕಿತ್ತು ಫೋಟೊ ಕಳಿಸಿದ್ದರು. ಬೇರಿನ ತುಂಬ ಸಾಸಿವೆ ಗಾತ್ರದ ಗುಂಡುಗಳು. ‘ಬೇರುಗಂಟು ಬಂದಿದೆ ಸಾರ್, ಅಂಗಡಿಯವರು ಜಂತುಹುಳಕ್ಕೆ ಔಷಧಿ ಕೊಟ್ಟಿದ್ದಾರೆ, ಹಾಕಲಾ?’ ಬೇಡ ಅಂದೆ. ಆಮೇಲೆ ಕೋಲಾರದ ಕಡೆ ಒಬ್ಬರು ಟೊಮೆಟೊ ಬೇರು ತೋರಿಸಿ, ‘ಬೇರುಗಂಟು ಚೆನ್ನಾಗಿ ಕಟ್ಟಿದೆ, ಯೂರಿಯಾ ಖರ್ಚು ಉಳೀತು’ ಅಂತ ಖುಷಿಪಟ್ಟರು. ಅಲ್ಲಿ ಇದ್ದದ್ದು ರೋಗ.

ರೈತರನ್ನು ದೂರಿ ಪ್ರಯೋಜನವಿಲ್ಲ. ಕಡಲೆಕಾಯಿ, ಅವರೆಯಂಥ ಬೆಳೆಯ ಬೇರಿನಲ್ಲಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ರೈಜೋಬಿಯಂ ಬ್ಯಾಕ್ಟೀರಿಯಾ ಇರುವ ಗುಂಡುಗಳಿಗೆ ಶಾಲೆಯ ಪುಸ್ತಕ ಬೇರುಗಂಟು ಅನ್ನುತ್ತದೆ. ಮಣ್ಣಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳ (ನೆಮಟೋಡ್) ಹೊಕ್ಕು ಬೇರು ಊದಿಕೊಳ್ಳುವುದಕ್ಕೆ ಕೃಷಿಯ ಕರಪತ್ರ ಬೇರುಗಂಟು ರೋಗ ಅನ್ನುತ್ತದೆ. ಮಾತಾಡುವಾಗ ಆ ‘ರೋಗ’ ಉದುರಿಹೋಗುತ್ತದೆ, ಅಲ್ಲಿಗೆ ಕೆಟ್ಟಿತು. ಬರೆಯುವವರಾದರೂ ‘ರೈಜೋಬಿಯಂ ಗಂಟು’, ‘ಜಂತುಹುಳದ ಗಂಟು’ ಅಂತ ಬಿಡಿಸಿ ಬರೆಯಬಹುದು. ಒಂದು ಪದ ಜಾಸ್ತಿ ಆಗುತ್ತೆ, ಅಷ್ಟೇ ಅಲ್ವಾ?

ಗುರುತು ಹಿಡಿಯೋಕೆ ಲ್ಯಾಬ್ ಬೇಕಿಲ್ಲ. ಗಿಡವನ್ನು ಜಗ್ಗಿ ಕೀಳಬೇಡಿ, ಒಳ್ಳೆಯ ಗಂಟುಗಳು ಮಣ್ಣಲ್ಲೇ ಉಳಿದುಬಿಡುತ್ತವೆ. ಗುದ್ದಲಿಯಲ್ಲಿ ಮಣ್ಣು ಸಮೇತ ಎತ್ತಿ ನೀರಲ್ಲಿ ಅಲುಗಿಸಿ ತೊಳೆಯಿರಿ. ಗಂಟನ್ನು ಹೆಬ್ಬೆರಳಲ್ಲಿ ಉಜ್ಜಿ. ರೈಜೋಬಿಯಂ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಉಜ್ಜಿದರೆ ಉದುರುತ್ತದೆ. ಜಂತುಹುಳದ್ದು ಹಾಗಲ್ಲ. ಅಲ್ಲಿ ಬೇರೇ ಊದಿರುತ್ತದೆ, ಬೇರು ಹರಿಯದೆ ಗಂಟು ಬಿಡಿಸೋಕೆ ಆಗಲ್ಲ. ಕಡಲೆಕಾಯಿಗೂ ಜಂತುಹುಳ ಬರುವುದುಂಟು, ಹಾಗಾಗಿ ಬೆಳೆ ನೋಡಿ ತೀರ್ಮಾನ ಮಾಡದೆ ಉಜ್ಜಿಯೇ ನೋಡಬೇಕು.

ಇನ್ನೊಂದು ಪರೀಕ್ಷೆ ಉಗುರಿನದ್ದು. ಉದುರಿದ ಗಂಟನ್ನು ಸೀಳಿ. ಒಳಗೆ ಕೆಂಪು ಅಥವಾ ಗುಲಾಬಿ ಬಣ್ಣ ಇದ್ದರೆ ಕೆಲಸ ನಡೆಯುತ್ತಿದೆ. ಬಿಳಿ ಇದ್ದರೆ ಇನ್ನೂ ಎಳೆಯದು, ಇಲ್ಲವೇ ಒಳಗಿರುವ ಬ್ಯಾಕ್ಟೀರಿಯಾ ದಂಡಕ್ಕೆ ಕೂತಿದೆ. ಹಸಿರು, ಕಂದು ಆಗಿದ್ದರೆ ಅದರ ಕಾಲ ಮುಗಿಯಿತು. ಆ ಕೆಂಪು ಲೆಗ್‌ಹೀಮೋಗ್ಲೋಬಿನ್‌ನದ್ದು, ನಮ್ಮ ರಕ್ತದ ಹೀಮೋಗ್ಲೋಬಿನ್‌ನ ನೆಂಟ. ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವೇ ಇದ್ದರೂ ಗಿಡಕ್ಕೆ ಅದು ನೇರವಾಗಿ ದಕ್ಕಲ್ಲ. ಅದನ್ನು ಅಮೋನಿಯ ಮಾಡುವುದು ಬ್ಯಾಕ್ಟೀರಿಯಾದ ನೈಟ್ರೋಜಿನೇಸ್ ಎಂಬ ಕಿಣ್ವ. ಆಮ್ಲಜನಕ ತಗುಲಿದರೆ ಆ ಕಿಣ್ವ ಹಾಳು. ಆದರೆ ಬ್ಯಾಕ್ಟೀರಿಯಾ ಉಸಿರಾಡೋಕೆ ಆಮ್ಲಜನಕ ಬೇಕೇ ಬೇಕು. ಲೆಗ್‌ಹೀಮೋಗ್ಲೋಬಿನ್ ಅದನ್ನು ಹಿಡಿದಿಟ್ಟು ಸ್ವಲ್ಪ ಸ್ವಲ್ಪವೇ ಒಳಗೆ ಬಿಡುತ್ತದೆ.

ಬ್ಯಾಕ್ಟೀರಿಯಾ ಬೇರೊಳಗೆ ಸುಮ್ನೆ ನುಗ್ಗುವುದಿಲ್ಲ. ಬೇರು ಫ್ಲೇವನಾಯ್ಡ್ ಎಂಬ ರಾಸಾಯನಿಕ ಸೂಸುತ್ತದೆ, ರೈಜೋಬಿಯಂ ಅದಕ್ಕೆ ಇನ್ನೊಂದನ್ನು ಸೂಸಿ ಉತ್ತರ ಕೊಡುತ್ತದೆ. ಎರಡೂ ಹೊಂದಿದರೆ ಮಾತ್ರ ಪ್ರವೇಶ. ಸೋಯಾ ಅವರೆಯ ಬೀಜಕ್ಕೆ ಲೇಪಿಸಲು ಮಾರುವ ರೈಜೋಬಿಯಂ ಪ್ಯಾಕೆಟ್ ಎಲ್ಲ ಕಾಳಿಗೂ ನಡೆಯುತ್ತೆ ಅನ್ನುವ ಅಂಗಡಿ ಮಾತು ನಂಬಬಾರದ್ದು ಇದಕ್ಕೇ. ಪ್ಯಾಕೆಟ್ ಮೇಲೆ ಬೆಳೆಯ ಹೆಸರು, ಅವಧಿ ಮುಗಿಯುವ ದಿನ ಎರಡನ್ನೂ ನೋಡಿ. ಬೆಲ್ಲದ ನೀರಲ್ಲಿ ಬೀಜಕ್ಕೆ ಲೇಪಿಸಿ, ನೆರಳಲ್ಲಿ ಆರಿಸಿ, ತಡ ಮಾಡದೆ ಬಿತ್ತಬೇಕು. ಬಿಸಿಲಿಗಿಟ್ಟರೆ ಲೇಪಿಸಿದ್ದು ವ್ಯರ್ಥ. ಬಿತ್ತಿದ ಮೇಲೆ ಯೂರಿಯಾ ಜಾಸ್ತಿ ಸುರಿದರೂ ಅಷ್ಟೇ, ಮಣ್ಣಲ್ಲೇ ಸಾರಜನಕ ಸಿಗುವಾಗ ಗಿಡ ಗಂಟು ಕಟ್ಟೋದನ್ನು ಕಡಿಮೆ ಮಾಡುತ್ತದೆ.

ಈ ಗಂಟನ್ನು ಭೂಮಿಯ ‘ಇಡುಗಂಟು’ ಅಂತ ಭಾಷಣದಲ್ಲಿ ಹೊಗಳುವವರಿದ್ದಾರೆ. ಚಪ್ಪಾಳೆ ಬೀಳುತ್ತೆ, ಲೆಕ್ಕ ಕೂಡಲ್ಲ. ಗಂಟಲ್ಲಿ ಏನೂ ಕೂಡಿಡಲ್ಲ. ತಯಾರಾದದ್ದು ಆಗಲೇ ಗಿಡಕ್ಕೆ ಹೋಗುತ್ತದೆ, ಬದಲಿಗೆ ಗಿಡ ಸಕ್ಕರೆ ಕೊಡುತ್ತದೆ. ಗಿಡಕ್ಕೆ ಹೋದದ್ದರಲ್ಲಿ ಹೆಚ್ಚಿನ ಪಾಲು ಕೊನೆಗೆ ಕಾಳಿಗೆ ಸೇರುತ್ತದೆ. ಶಿರಾ, ಮಧುಗಿರಿ ಕಡೆ ಕಡಲೆಕಾಯಿಯನ್ನು ಬುಡಸಮೇತ ಕೀಳುತ್ತೇವೆ, ಕಾಯಿ ಮಾರುತ್ತೇವೆ, ಬಳ್ಳಿ ದನಕ್ಕೆ. ಹೊಲಕ್ಕೆ ಉಳಿಯುವುದು ಉದುರಿದ ಎಲೆ, ಹರಿದ ಬೇರು. ಕೊಟ್ಟಿಗೆ ಗೊಬ್ಬರ ವಾಪಸ್ ಅದೇ ಹೊಲಕ್ಕೆ ಹೋದರೆ ಸರಿ, ಇಲ್ಲದಿದ್ದರೆ ‘ಹೋದ ಸಲ ಕಡಲೆಕಾಯಿ ಇತ್ತು, ಈ ಸಲ ರಾಗಿಗೆ ಗೊಬ್ಬರ ಬೇಡ’ ಅನ್ನುವುದು ಬರೀ ಧೈರ್ಯದ ಮಾತು. ರಾಗಿ ನಡುವಿನ ಅಕ್ಕಡಿ ಸಾಲಿನ ತೊಗರಿಯೇ ವಾಸಿ. ಎಲೆ ಚೆನ್ನಾಗಿ ಉದುರಿಸುತ್ತದೆ, ಅದು ಅಲ್ಲೇ ಕೊಳೆಯುತ್ತದೆ.

ರಾಗಿಗೆ ಅಜೋಸ್ಪಿರಿಲಂ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಹಾಕಿದವರು ಗಂಟು ಹುಡುಕಬೇಡಿ. ಅದು ಬೇರಿನ ಸುತ್ತಮುತ್ತ ಇದ್ದುಕೊಂಡು ಬೇರು ಹೆಚ್ಚು ಕವಲೊಡೆಯುವಂತೆ ಮಾಡುತ್ತದೆ, ಮನೆ ಕಟ್ಟಲ್ಲ. ಟೊಮೆಟೊ, ಬದನೆ, ಮೆಣಸಿನಕಾಯಿಯ ಬೇರಲ್ಲೂ ರೈಜೋಬಿಯಂ ಗಂಟು ಕಟ್ಟುವುದಿಲ್ಲ. ಅಲ್ಲಿ ಬೇರು ಗಂಟುಗಂಟಾಗಿ ಊದಿ, ಮಧ್ಯಾಹ್ನದ ಬಿಸಿಲಿಗೆ ಗಿಡ ಬಾಡುತ್ತಿದ್ದರೆ ಜಂತುಹುಳವನ್ನೇ ಶಂಕಿಸಿ. ಅದೇ ಜಾಗದಲ್ಲಿ ಮತ್ತೆ ಟೊಮೆಟೊ ನೆಡುವ ಬದಲು ಒಂದು ಬೆಳೆ ಚೆಂಡು ಹೂವು ಹಾಕಿ. ಅದರ ಬೇರಿನ ರಸ ಜಂತುಹುಳಕ್ಕೆ ಆಗಿಬರುವುದಿಲ್ಲ.