ನಮ್ಮ ಪಂಚಾಯತ್‌ನಲ್ಲಿ ಫ್ಲೂ ಇಂಜೆಕ್ಷನ್ ಕ್ಯಾಂಪ್ ಯಾಕಿಲ್ಲ? ಕೇಳಿದ್ರೆ ಮಾಡ್ತಾರಾ?

ಪ್ರಶ್ನೆ: ಅಮ್ಮನಿಗೆ 71 ವರ್ಷ, ಶುಗರ್ ಉಂಟು, ದಮ್ಮೂ ಉಂಟು. ಮಂಗಳೂರಿನ ಡಾಕ್ಟ್ರು ವರ್ಷಕ್ಕೊಂದು ಫ್ಲೂ ಇಂಜೆಕ್ಷನ್ ಹಾಕಿಸಿ ಅಂದ್ರು. ಇಲ್ಲಿ ನಮ್ಮ ಆರೋಗ್ಯ ಕೇಂದ್ರದಲ್ಲಿ ಕೇಳಿದ್ರೆ ಅದು ನಮ್ಮಲ್ಲಿ ಬರುದಿಲ್ಲ ಅಂತಾರೆ. ಕೊರೋನಾ ಸಮಯದಲ್ಲಿ ಶಾಲೆ ಶಾಲೆಯಲ್ಲಿ ಕ್ಯಾಂಪ್ ಮಾಡಿದ ಪಂಚಾಯತಿಗೆ ಇದೊಂದು ಯಾಕೆ ಆಗುದಿಲ್ಲ?

ಉತ್ತರ:

ಆಗ್ತದೆ. ಆದ್ರೆ ತನ್ನಷ್ಟಕ್ಕೆ ಆಗುದಿಲ್ಲ, ಯಾರಾದ್ರೂ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳ್ಬೇಕು, ಅದೂ ಸಮಯಕ್ಕೆ ಸರಿಯಾಗಿ ಕೇಳ್ಬೇಕು. ಮಂಜೇಶ್ವರ, ವರ್ಕಾಡಿ, ಪೈವಳಿಕೆ, ಎಣ್ಮಕಜೆ, ಬದಿಯಡ್ಕ ಅಂತ ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯವ್ರು ಎಷ್ಟೋ ಜನ ಇದನ್ನೇ ಕೇಳ್ತಾ ಇರ್ತಾರೆ, ಅದಕ್ಕೆ ಸ್ವಲ್ಪ ಉದ್ದ ಬರೀತೇನೆ.

ಮೊದಲು ಆರೋಗ್ಯ ಕೇಂದ್ರದ ಸಿಸ್ಟರ್ ಯಾಕೆ ಇಲ್ಲ ಅಂದ್ರು ನೋಡುವ. ಅವರು ಸುಳ್ಳು ಹೇಳಿದ್ದಲ್ಲ, ನಿಮ್ಮನ್ನು ಸಾಗ ಹಾಕಿದ್ದೂ ಅಲ್ಲ. ಮಕ್ಕಳಿಗೆ ಬುಧವಾರ ಬುಧವಾರ ಹಾಕುವ ಇಂಜೆಕ್ಷನ್ ಎಲ್ಲ ರಾಷ್ಟ್ರೀಯ ಲಸಿಕೆ ಪಟ್ಟಿಯಲ್ಲಿ ಉಂಟು, ದೆಹಲಿಯಿಂದಲೇ ಉಚಿತವಾಗಿ ಬರ್ತದೆ. ಫ್ಲೂ ಲಸಿಕೆ ಆ ಪಟ್ಟಿಯಲ್ಲಿ ಇಲ್ಲ. ಗರ್ಭಿಣಿಯರು, ವಯಸ್ಸಾದವ್ರು, ಶುಗರ್, ಹಾರ್ಟು, ಶ್ವಾಸಕೋಶದ ಕಾಯಿಲೆ ಇದ್ದವ್ರು, ಆಸ್ಪತ್ರೆ ಸಿಬ್ಬಂದಿ, ಇವರೆಲ್ಲ ಹಾಕಿಸಿಕೊಂಡ್ರೆ ಒಳ್ಳೇದು ಅಂತ ಸಲಹೆ ಉಂಟು, ಆದ್ರೆ ಸಲಹೆ ಬಂದ್ರೆ ಮದ್ದು ಬಂದ ಹಾಗೆ ಆಗುದಿಲ್ಲ ಅಲ್ವಾ. ಕೊರೋನಾ ಲಸಿಕೆ ಡಬ್ಬ ಡಬ್ಬ ಮೇಲಿಂದ ಬರ್ತಾ ಇತ್ತು, ಪಂಚಾಯತ್‌ನವ್ರು ಶಾಲೆ ಕೊಟ್ರು, ಕುರ್ಚಿ ಹಾಕಿಸಿದ್ರು, ಆಶಾದವ್ರು ಮನೆ ಮನೆಗೆ ಫೋನ್ ಮಾಡಿದ್ರು. ಅಂದ್ರೆ ಜನವೂ ಇದ್ರು, ಜಾಗವೂ ಇತ್ತು, ಮದ್ದೂ ಇತ್ತು. ಈಗ ಅದೇ ಜನ, ಅದೇ ಜಾಗ ಉಂಟು, ಮದ್ದು ಮಾತ್ರ ಇಲ್ಲ. ಈ ಒಂದು ಕೊರತೆಯನ್ನು ತುಂಬುದು ಹೇಗೆ ಅನ್ನುದೇ ಇಡೀ ವಿಷಯ.

ಇಲ್ಲಿ ನಾವು ಕಾಸರಗೋಡಿನವ್ರು ಪುಣ್ಯವಂತರು ಅಂತ ನನಗೆ ನಿಜವಾಗಿ ಅನಿಸ್ತದೆ, ಯಾಕಂದ್ರೆ ಕೇರಳದಲ್ಲಿ 1996ರ ಜನಕೀಯ ಯೋಜನೆಯ (ಪಂಚಾಯತಿಗೇ ಅಧಿಕಾರ, ಹಣ ಬಿಟ್ಟು ಕೊಟ್ಟದ್ದು) ನಂತರ ಪ್ರಾಥಮಿಕ ಆರೋಗ್ಯ ಕೇಂದ್ರ ಗ್ರಾಮ ಪಂಚಾಯತಿನ ಕೈಗೆ ಬಂದಿದೆ. ಆಸ್ಪತ್ರೆ ನಿರ್ವಹಣ ಸಮಿತಿಗೆ ಪಂಚಾಯತ್ ಅಧ್ಯಕ್ಷರೇ ಮುಖ್ಯಸ್ಥರು. ಆರೋಗ್ಯ-ವಿದ್ಯಾಭ್ಯಾಸಕ್ಕೆ ಅಂತ ಬೇರೆಯೇ ಸ್ಥಾಯಿ ಸಮಿತಿ ಉಂಟು. ಪಂಚಾಯತ್ ತನ್ನ ವರ್ಷದ ಯೋಜನೆಯ ಹಣ, ಅಂದ್ರೆ ಪ್ಲಾನ್ ಫಂಡ್‌ನಿಂದ ಸಾಯಂಕಾಲದ ಓಪಿಗೆ (ಹೊರರೋಗಿಗಳನ್ನು ನೋಡ್ಲಿಕ್ಕೆ) ಡಾಕ್ಟ್ರನ್ನು ಇಡ್ತದೆ, ಮದ್ದು ತರಿಸ್ತದೆ, ಹಾಸಿಗೆ ಹಿಡಿದವ್ರನ್ನು ಮನೆಗೇ ಹೋಗಿ ನೋಡುವ ಪಾಲಿಯೇಟಿವ್ ನರ್ಸಿಗೆ ಸಂಬಳ ಕೊಡ್ತದೆ, ಗಾಡಿ ಓಡಿಸ್ತದೆ. ಇಷ್ಟೆಲ್ಲ ಮಾಡುವಲ್ಲಿ ಫ್ಲೂ ಲಸಿಕೆಗೂ ಒಂದು ಯೋಜನೆ ಬರೆದು, ಮೆಡಿಕಲ್ ಆಫೀಸರ್ ಅದನ್ನು ನಡೆಸುವ ಹಾಗೆ ಮಾಡಿ, ಜಿಲ್ಲಾ ಯೋಜನಾ ಸಮಿತಿಯ ಒಪ್ಪಿಗೆಗೆ ಕಳಿಸ್ಲಿಕ್ಕೆ ದಾರಿ ಉಂಟು. ಬೇರೆ ಕಡೆಯೂ ಸರಕಾರ ಮನಸ್ಸು ಮಾಡಿದ್ದುಂಟು, ಮಹಾರಾಷ್ಟ್ರದಲ್ಲಿ 2015ರಲ್ಲಿ ಎಚ್‌1ಎನ್‌1 (ಹಂದಿಜ್ವರ) ಜೋರಾದಾಗ ಗರ್ಭಿಣಿಯರಿಗೆ, ಶುಗರ್ ಬಿಪಿ ಇದ್ದವ್ರಿಗೆ ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡ್ಲಿಕ್ಕೆ ಶುರು ಮಾಡಿದ್ರು.

ಹಣದ ಮಾತು. ಹೊರಗೆ ಪ್ರೈವೇಟಲ್ಲಿ ಒಂದು ಡೋಸಿಗೆ ಸುಮಾರು ಸಾವಿರದಿಂದ ಎರಡು ಸಾವಿರದಷ್ಟು ಆಗ್ತದೆ, ಒಂದು ಮನೆಯಲ್ಲಿ ಅಜ್ಜ ಅಜ್ಜಿ ಇಬ್ರಿದ್ರೆ ಬೀಡಿ ಕಟ್ಟಿ ಬದುಕುವ ಮನೆಯವ್ರು ಎಲ್ಲಿಂದ ತರುದು. ಸುಮ್ಮನೆ ಲೆಕ್ಕಕ್ಕೆ ಹೇಳ್ತೇನೆ, ಒಂದು ಪಂಚಾಯತಿನ ಪಾಲಿಯೇಟಿವ್ ಪಟ್ಟಿಯಲ್ಲಿ 200 ಜನ ಇದ್ದಾರೆ ಅಂತ ಇಟ್ಕೊಳ್ಳಿ, ಒಂದಕ್ಕೆ 1,500 ಅಂತ ಹಿಡಿದ್ರೂ 3 ಲಕ್ಷ. ಒಟ್ಟಿಗೆ ತರಿಸಿದ್ರೆ ಇನ್ನೂ ಕಮ್ಮಿಗೆ ಬರ್ಬಹುದು. ಪೂರ್ತಿ ಪಂಚಾಯತಿಗೇ ಕೊಡಿ ಅಂತ ಕೇಳಿದ್ರೆ ಯಾವ ಸೆಕ್ರೆಟರಿಯೂ ಫೈಲ್ ಮುಚ್ಚಿ ಬಿಡ್ತಾರೆ, ಅದಕ್ಕೆ ನಾನು ಹೇಳುದು ಪಾಲಿಯೇಟಿವ್ ಪಟ್ಟಿಯಿಂದ ಶುರು ಮಾಡಿ ಅಂತ. ಆ ಪಟ್ಟಿ ಹೇಗೂ ತಯಾರಿದೆ, ಹೆಸರು ವಿಳಾಸ ಕಾಯಿಲೆ ಎಲ್ಲ ನರ್ಸ್ ಹತ್ರ ಉಂಟು, ಹೊಸದಾಗಿ ಸರ್ವೆ ಮಾಡ್ಬೇಕೂಂತ ಇಲ್ಲ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಬದಿಯಲ್ಲಾದ್ರೆ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಪಟ್ಟಿಯೂ ಉಂಟು. ಗೇರುತೋಟಕ್ಕೆ ಹೆಲಿಕಾಪ್ಟರಿನಲ್ಲಿ ವಿಷ ಹೊಡೆದದ್ದು 2000ದಲ್ಲಿ ನಿಂತ್ರೂ ಹಾಸಿಗೆ ಹಿಡಿದ ಮಕ್ಕಳು ಈಗ ದೊಡ್ಡವ್ರಾಗಿ ಅದೇ ಹಾಸಿಗೆಯಲ್ಲಿ ಇದ್ದಾರೆ, ಮಲಗಿದಲ್ಲೇ ಇರುವವ್ರಿಗೆ ಒಂದು ಜ್ವರ ಬಂದು ಕಫ ಕಟ್ಟಿದ್ರೆ ಎಷ್ಟು ಕಷ್ಟ ಅಂತ ನೋಡಿದವ್ರಿಗೆ ಗೊತ್ತು. ಅವರು ಮೊದಲು. ಜೊತೆಗೆ ಅವರನ್ನು ನೋಡಿಕೊಳ್ಳುವ ಅಮ್ಮನಿಗೂ ಒಂದು, ಯಾಕಂದ್ರೆ ಹೊರಗಿಂದ ಜ್ವರ ಮನೆಗೆ ಬರುದು ಓಡಾಡುವವ್ರಿಂದಲೇ.

ಪಂಚಾಯತ್ ಫಂಡ್ ಸಾಲದಿದ್ರೆ ಊರಿನ ಸೇವಾ ಸಹಕಾರಿ ಬ್ಯಾಂಕು, ಕ್ಲಬ್ಬು, ಗಲ್ಫಿನಲ್ಲಿರುವವ್ರ ಕೂಟ ಇವರನ್ನೂ ಸೇರಿಸ್ಬಹುದು, ಮನೆ ಕಟ್ಟಿಸಿ ಕೊಟ್ಟವ್ರು ನೂರು ಸಿರಿಂಜಿಗೆ ಇಲ್ಲ ಅನ್ಲಿಕ್ಕಿಲ್ಲ. ಆದ್ರೆ ತರಿಸುದು, ಇಡುದು, ಚುಚ್ಚುದು ಆರೋಗ್ಯ ಕೇಂದ್ರದ ಮೂಲಕವೇ ಆಗ್ಬೇಕು. ಇದರಲ್ಲಿ ರಾಜಿ ಬೇಡ.

ಯಾಕೆ ಅಂತ ಹೇಳ್ತೇನೆ. ಈ ಮದ್ದು 2ರಿಂದ 8 ಡಿಗ್ರಿಯೊಳಗೆ ಇರ್ಬೇಕು, ಬಿಸಿಯೂ ಆಗ್ಬಾರದು, ಹೆಪ್ಪೂ ಗಟ್ಟಬಾರದು, ಹೆಪ್ಪುಗಟ್ಟಿದ್ರೆ ಎಸೆಯುದೇ. ನಮ್ಮ ಸಬ್ ಸೆಂಟರಿನಲ್ಲಿ ಮಕ್ಕಳ ಲಸಿಕೆಗೆ ಹೋದಾಗ ನಾನು ನೋಡಿದ್ದು, ಸಿಸ್ಟರ್ ಐಸ್ ಪ್ಯಾಕ್ ನಾಲ್ಕನ್ನೂ ಹೊರಗೆ ತೆಗೆದು ಮೇಜಿನ ಮೇಲೆ ಬೆವರಲಿಕ್ಕೆ ಬಿಟ್ಟಿದ್ರು, ಆಮೇಲೆ ಒಂದೊಂದನ್ನೇ ಕಿವಿ ಹತ್ರ ಹಿಡಿದು ಅಲ್ಲಾಡಿಸ್ತಾ ಇದ್ರು. ಎಂತ ಸಿಸ್ಟರ್ ಅದು ಅಂತ ಕೇಳಿದೆ. ಒಳಗೆ ನೀರು ಗುಳುಗುಳು ಅಂತ ಶಬ್ದ ಬರ್ಬೇಕು, ಬಂದ ಮೇಲೆಯೇ ಲಸಿಕೆ ಡಬ್ಬಿಗೆ ಹಾಕುದು, ಗಟ್ಟಿ ಐಸನ್ನೇ ಇಟ್ರೆ ಪಕ್ಕದ ಬಾಟ್ಲಿ ಹೆಪ್ಪುಗಟ್ತದೆ ಅಂದ್ರು. ಎಷ್ಟು ಸಣ್ಣ ವಿಷಯ, ಎಷ್ಟು ಜಾಗ್ರತೆ! ಈ ಕೆಲಸ ಗೊತ್ತಿರುವವ್ರು ನಮ್ಮ ಸಬ್ ಸೆಂಟರಿನಲ್ಲೂ ಇದ್ದಾರೆ, ಆರೋಗ್ಯ ಕೇಂದ್ರದಲ್ಲಿ ಫ್ರಿಜ್ ಉಂಟು, ಡಬ್ಬಿ ಉಂಟು. ಇನ್ನೊಂದು ಅನುಕೂಲ, ಕೋವಿಶೀಲ್ಡ್ ಒಂದು ಬಾಟ್ಲಿಯಲ್ಲಿ ಹತ್ತು ಜನರದ್ದು ಇರ್ತಿತ್ತು, ಒಡೆದ ಮೇಲೆ ಕೆಲವೇ ಗಂಟೆಯಲ್ಲಿ ಮುಗಿಸ್ಬೇಕು, ಹಾಗಾಗಿ ಹತ್ತು ಜನ ಸೇರುವ ತನಕ ಕಾಯಿಸ್ತಿದ್ರು. ಫ್ಲೂ ಲಸಿಕೆ ಹೆಚ್ಚಾಗಿ ಒಬ್ಬರಿಗೆ ಒಂದು ಸಿರಿಂಜು, ತುಂಬಿಸಿಯೇ ಬರ್ತದೆ. ಒಬ್ಬ ಅಜ್ಜಿಗೋಸ್ಕರ ಗುಡ್ಡೆ ಹತ್ತಿ ಹೋದ್ರೂ ಉಳಿದದ್ದು ಹಾಳಾಗುದಿಲ್ಲ. ಪಾಲಿಯೇಟಿವ್ ಗಾಡಿಗೆ ಹೇಳಿ ಮಾಡಿಸಿದ ಹಾಗೆ ಉಂಟು, ನರ್ಸ್ ಹೇಗೂ ಟ್ಯೂಬ್ ಬದಲಿಸ್ಲಿಕ್ಕೆ, ಗಾಯಕ್ಕೆ ಮದ್ದು ಕಟ್ಲಿಕ್ಕೆ ಆ ಮನೆಗೆ ಹೋಗ್ತಾರೆ. ನಡೆದು ಬರುವವ್ರಿಗೆ ಶಾಲೆಯಲ್ಲೋ ಅಂಗನವಾಡಿಯಲ್ಲೋ ಒಂದು ದಿನದ ಕ್ಯಾಂಪ್ ಸಾಕು, ಚುಚ್ಚಿಸಿಕೊಂಡವ್ರು ಅರ್ಧ ಗಂಟೆ ಕೂತ್ಕೊಳ್ಲಿಕ್ಕೆ ನೆರಳು, ಕುಡಿಲಿಕ್ಕೆ ನೀರು ಇರ್ಬೇಕು.

ಈಗ ಸಮಯದ ಮಾತು, ಎಲ್ಲರೂ ತಪ್ಪುದು ಇಲ್ಲಿಯೇ. ನಮ್ಮ ಬದಿಯಲ್ಲಿ ಫ್ಲೂ ಮಳೆಗಾಲದಲ್ಲಿ ಜೋರು, ಜನವರಿ-ಮಾರ್ಚ್ ಹೊತ್ತಿಗೆ ಇನ್ನೊಂದು ಸಲ ತಲೆ ಎತ್ತುದುಂಟು. ಲಸಿಕೆ ಹಾಕಿಸಿ ಮೈಯಲ್ಲಿ ಶಕ್ತಿ ಬರ್ಲಿಕ್ಕೆ ಸುಮಾರು ಎರಡು ವಾರ ಬೇಕು. ಹಾಗಾದ್ರೆ ಕ್ಯಾಂಪ್ ಏಪ್ರಿಲ್-ಮೇಯಲ್ಲಿ ಆಗ್ಬೇಕು, ಜುಲೈಯಲ್ಲಿ ಪೇಪರಿನಲ್ಲಿ ಎಚ್‌1ಎನ್‌1 ಸುದ್ದಿ ಓದಿದ ಮೇಲೆ ಅಲ್ಲ. ನಾನೇ ಒಂದು ವರ್ಷ ಹಾಗೆ ಮಾಡಿ ಸೋತದ್ದು, ಜೂನ್ ಕೊನೆಗೆ ಅಪ್ಪನನ್ನು ಕರ್ಕೊಂಡು ಎರಡು ಬಸ್ಸು ಬದಲಿಸಿ ಹೋದ್ರೆ ಆಸ್ಪತ್ರೆಯಲ್ಲಿ ಸ್ಟಾಕ್ ಮುಗಿದಿತ್ತು, ಇನ್ನೊಂದು ಕಡೆ ಹೋದ್ರೆ ಅಲ್ಲೂ ಇಲ್ಲ, ಮಳೆಯಲ್ಲಿ ನೆಂದು ವಾಪಾಸು ಬಂದ್ವಿ, ಆ ವರ್ಷ ಅಪ್ಪ ಆಗಸ್ಟಿನಲ್ಲಿ ಒಂಬತ್ತು ದಿನ ಅಡ್ಮಿಟ್. ಸ್ಟಾಕ್ ಉಂಟಾ ಅಂತ ಮೊದಲೇ ಒಂದು ಫೋನ್ ಮಾಡ್ಬೇಕಿತ್ತು ಅಂತ ಈಗಲೂ ಹೊಟ್ಟೆ ಉರೀತದೆ.

ದೊಡ್ಡ ದೇಶದವ್ರೂ ಇದೇ ಜಾಗದಲ್ಲಿ ಎಡವಿದ್ದಾರೆ. ಅಮೆರಿಕಾದಲ್ಲಿ ಕೌಂಟಿ ಅಂತ ನಮ್ಮ ಜಿಲ್ಲೆಯ ಹಾಗೆ ಇರ್ತದೆ, ಅಲ್ಲಿನ ಆರೋಗ್ಯ ಇಲಾಖೆಯವ್ರು ಶಾಲೆ, ಚರ್ಚು, ಪಾರ್ಕಿಂಗ್ ಜಾಗದಲ್ಲೆಲ್ಲ ಫ್ಲೂ ಕ್ಲಿನಿಕ್ ತೆರೀತಾರೆ, ಕಾರಿನಿಂದ ಇಳಿಯದೆ ಕೈ ಹೊರಗೆ ಹಾಕಿ ಚುಚ್ಚಿಸಿಕೊಂಡು ಹೋಗುವ ವ್ಯವಸ್ಥೆಯೂ ಉಂಟು. 2009ರಲ್ಲಿ ಹಂದಿಜ್ವರ ಬಂದಾಗ ಕ್ಲಿನಿಕ್ ಎಲ್ಲ ರೆಡಿ, ಜನ ಗಂಟೆಗಟ್ಲೆ ಕ್ಯೂ, ಆದ್ರೆ ಮೊಟ್ಟೆಯಲ್ಲಿ ವೈರಸ್ ಬೆಳೆಸಿ ಮಾಡುವ ಲಸಿಕೆ ಅಂದುಕೊಂಡ ವೇಗದಲ್ಲಿ ಬೆಳೀಲಿಲ್ಲ, ಮಾಲು ತಡ ಆಯ್ತು, ಎಷ್ಟೋ ಕಡೆ ಕ್ಯೂನಲ್ಲಿ ನಿಂತವ್ರು ಬರಿಗೈಲಿ ವಾಪಾಸಾದ್ರು. ಗರ್ಭಿಣಿಯರು, ಮಕ್ಕಳು, ಸಣ್ಣ ಶಿಶು ಇರುವ ಮನೆಯವ್ರು, ಆಸ್ಪತ್ರೆಯವ್ರು ಮೊದಲು ಅಂತ ಆಗ ಸಾಲು ಮಾಡ್ಬೇಕಾಯ್ತು. ಹಾಗಾಗಿ ಮದ್ದು ಕೈಗೆ ಬಂದ ಮೇಲೆಯೇ ಕ್ಯಾಂಪಿನ ದಿನ ಸಾರಿ, ಮತ್ತೆ ಯಾರು ಮೊದಲು ಅಂತ ಮುಂಚೆಯೇ ಬರೆದಿಡಿ.

ಪ್ರತಿ ವರ್ಷ ಯಾಕೆ ಅಂತ ಕೇಳ್ತೀರಿ. ಫ್ಲೂ ವೈರಸ್ ವೇಷ ಬದಲಿಸ್ತಾ ಇರ್ತದೆ, ಮೈಯ ಶಕ್ತಿಯೂ ತಿಂಗಳು ಕಳೆದ ಹಾಗೆ ಇಳೀತದೆ. ವಿಶ್ವ ಆರೋಗ್ಯ ಸಂಸ್ಥೆಯವ್ರು ವರ್ಷಕ್ಕೆ ಎರಡು ಸಲ, ಫೆಬ್ರವರಿಯಲ್ಲಿ ಉತ್ತರಾರ್ಧ ಗೋಳಕ್ಕೆ, ಸೆಪ್ಟೆಂಬರಿನಲ್ಲಿ ದಕ್ಷಿಣಾರ್ಧಕ್ಕೆ, ವೈರಸ್ಸಿನ ಯಾವ ತಳಿ ಲಸಿಕೆಗೆ ಹಾಕ್ಬೇಕು ಅಂತ ಹೇಳ್ತಾರೆ. ಪಂಚಾಯತ್ ತರಿಸುವಾಗ ಯಾವ ವರ್ಷದ ತಳಿ, ಎಕ್ಸ್‌ಪೈರಿ ಯಾವಾಗ ಅಂತ ನೋಡಿ ತರಿಸ್ಬೇಕು, ಕಮ್ಮಿಗೆ ಸಿಕ್ತು ಅಂತ ಹಳೇ ಸ್ಟಾಕ್ ಬೇಡ.

ಲಸಿಕೆ ಹಾಕಿದ್ರೆ ಜ್ವರವೇ ಬರುದಿಲ್ವಾ ಅಂದ್ರೆ, ಬರ್ಬಹುದು. ತಳಿ ಸರಿಯಾಗಿ ಹೊಂದಿದ ವರ್ಷ ಡಾಕ್ಟ್ರ ಹತ್ರ ಓಡುವ ಮಟ್ಟಿನ ಫ್ಲೂ ಸುಮಾರು ನೂರಕ್ಕೆ 40ರಿಂದ 60ರಷ್ಟು ಕಮ್ಮಿ ಆಗ್ತದೆ. ಬಂದ್ರೂ ಐಸಿಯು ತನಕ ಹೋಗುದು ಕಮ್ಮಿ, ಅಮ್ಮನ ಹಾಗಿದ್ದವ್ರಿಗೆ ಬೇಕಾದ್ದು ಅದೇ. ಇಂಜೆಕ್ಷನ್‌ನಿಂದಲೇ ಫ್ಲೂ ಬಂತು ಅಂತ ಹೇಳುವವ್ರು ಇದ್ದಾರೆ, ಅದರಲ್ಲಿ ಇರುದು ಸತ್ತ ವೈರಸ್, ಅದರಿಂದ ಫ್ಲೂ ಬರ್ಲಿಕ್ಕೆ ಸಾಧ್ಯ ಇಲ್ಲ, ಒಂದೆರಡು ದಿನ ತೋಳು ನೋವು, ಸಣ್ಣ ಮೈ ಬಿಸಿ ಅಷ್ಟೇ. ಆ ದಿನ ಜೋರು ಜ್ವರ ಇದ್ರೆ ಇನ್ನೊಂದು ದಿನಕ್ಕೆ ಮುಂದೆ ಹಾಕಿ, ಹಿಂದೆ ಯಾವುದಾದ್ರೂ ಲಸಿಕೆಗೆ ಜೋರು ಅಲರ್ಜಿ ಆಗಿದ್ರೆ ಡಾಕ್ಟ್ರಿಗೆ ಹೇಳಿಯೇ ಮುಂದುವರೀರಿ. ಆರು ತಿಂಗಳೊಳಗಿನ ಶಿಶುವಿಗೆ ಇದು ಕೊಡುದಿಲ್ಲ, ಆದ್ರೆ ಬಸುರಿಯಾಗಿದ್ದಾಗ ತಾಯಿ ಹಾಕಿಸಿಕೊಂಡ್ರೆ ಮಗುವಿಗೂ ಮೊದಲ ಕೆಲವು ತಿಂಗಳು ರಕ್ಷಣೆ ಸಿಗ್ತದೆ. ಒಂಬತ್ತು ವರ್ಷದೊಳಗಿನ ಮಕ್ಕಳಿಗೆ ಮೊದಲ ಸಲ ಆದ್ರೆ ನಾಲ್ಕು ವಾರ ಬಿಟ್ಟು ಎರಡು ಡೋಸ್.

ಇನ್ನು ಒಂದು ವಿಷಯ ಹೇಳದಿದ್ರೆ ನನಗೆ ಸಮಾಧಾನ ಇಲ್ಲ, ಭಾಷೆ. ಕೊರೋನಾ ಸಮಯದಲ್ಲಿ ನಮ್ಮ ವಾರ್ಡಿನ ವಾಟ್ಸಾಪ್ ಗ್ರೂಪಿಗೆ ಕ್ಯಾಂಪಿನ ನೋಟೀಸ್ ಮಲಯಾಳದಲ್ಲಿ ಮಾತ್ರ ಬಂತು, ಪಕ್ಕದ ಮನೆ ಅಜ್ಜಿ ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸ್ ಓದಿದವ್ರು, ಫೋನ್ ಹಿಡ್ಕೊಂಡು ನಮ್ಮನೆಗೆ ಬಂದು "ಇದ್ರಲ್ಲಿ ಎಂತ ಬರ್ದದ್ದು ಮಗಾ" ಅಂತ ಕೇಳುವಾಗ ಕ್ಯಾಂಪ್ ಮುಗಿದು ಎರಡು ದಿನ ಆಗಿತ್ತು. ಭಾಷಾ ಅಲ್ಪಸಂಖ್ಯಾತ ಪ್ರದೇಶದಲ್ಲಿ ಕನ್ನಡದಲ್ಲೇ ಅರ್ಜಿ ಕೊಡ್ಲಿಕ್ಕೆ, ಕನ್ನಡದಲ್ಲೇ ಉತ್ತರ ಪಡೀಲಿಕ್ಕೆ ನಮಗೆ ಹಕ್ಕು ಉಂಟು. ಕ್ಯಾಂಪ್ ಕೇಳುವಾಗಲೇ ನೋಟೀಸ್ ಕನ್ನಡದಲ್ಲೂ ಬೇಕು, ಆಟೋದಲ್ಲಿ ಅನೌನ್ಸ್ ಮಾಡುದಾದ್ರೆ ತುಳುವಿನಲ್ಲೂ ಆಗ್ಲಿ ಅಂತ ಸೇರಿಸಿ ಬರೀರಿ. ಮಂಗಳೂರು ಹತ್ರ ಉಂಟಲ್ಲ ಅಂತ ಕೂತ್ರೆ ಆಗುದಿಲ್ಲ, 2020ರ ಮಾರ್ಚಿನಲ್ಲಿ ಕೊರೋನಾ ಅಂತ ಕರ್ನಾಟಕದವ್ರು ತಲಪಾಡಿ ಗಡಿಯಲ್ಲಿ ದಾರಿ ಮುಚ್ಚಿದಾಗ ಆಂಬುಲೆನ್ಸಿನಲ್ಲಿ ಇದ್ದವ್ರ ಗತಿ ಎಂತ ಆಯ್ತು ಅಂತ ನಾವು ಕಣ್ಣಾರೆ ನೋಡಿದ್ದೇವೆ.

ಹಾಗಾದ್ರೆ ಎಂತ ಮಾಡುದು. ಮುಂದಿನ ವರ್ಷದ ಪ್ಲಾನ್ ತಯಾರಾಗುದು ಮಾರ್ಚ್ ಮುಗಿಯುವ ಮೊದಲು, ಅದಕ್ಕೆ ಮುಂಚಿನ ಗ್ರಾಮಸಭೆ ಯಾವ ದಿನ ಅಂತ ವಾರ್ಡ್ ಮೆಂಬರಲ್ಲಿ ಕೇಳಿ ಬರೆದಿಟ್ಕೊಳ್ಳಿ. ಅದಕ್ಕಿಂತ ಒಂದು ವಾರ ಮೊದಲು ಪಾಲಿಯೇಟಿವ್ ನರ್ಸನ್ನೋ ಮೆಡಿಕಲ್ ಆಫೀಸರನ್ನೋ ಕಂಡು, ನಮ್ಮ ಪಂಚಾಯತಿನಲ್ಲಿ ಎಷ್ಟು ಡೋಸ್ ಬೇಕಾದೀತು ಅಂತ ಒಂದು ಅಂದಾಜು ತಕ್ಕೊಳ್ಳಿ, ಸಂಖ್ಯೆ ಇಲ್ಲದ ಅರ್ಜಿಗೆ ಬೆಲೆ ಇಲ್ಲ. ಗ್ರಾಮಸಭೆಗೆ ನಾಲ್ಕು ಮನೆಯವ್ರು ಒಟ್ಟಿಗೆ ಹೋಗಿ, ಬಾಯಲ್ಲಿ ಹೇಳಿ ಬರ್ಬೇಡಿ, ಬರೆದು ಕೊಟ್ಟು ಮಿನಿಟ್ಸ್ ಪುಸ್ತಕದಲ್ಲಿ ಸೇರಿತಾ ಅಂತ ನೋಡಿಯೇ ಏಳಿ. ಆಮೇಲೆ ಆರೋಗ್ಯ ಸ್ಥಾಯಿ ಸಮಿತಿಯವ್ರಿಗೂ ಒಂದು ಕಾಪಿ.

ಆದ್ರೆ ನಿಮ್ಮ ಅಮ್ಮನನ್ನು ಅಲ್ಲಿ ತನಕ ಕಾಯಿಸ್ಬೇಡಿ. ಈ ವರ್ಷದ್ದು ಹೊರಗೆಯೇ ಹಾಕಿಸಿ ಬಿಡಿ. ಹೋಗುವ ಮುಂಚೆ ಸ್ಟಾಕ್ ಉಂಟಾ ಅಂತ ಫೋನ್ ಮಾಡಿ, ಮೆಡಿಕಲ್ಲಿನಿಂದ ತಕ್ಕೊಂಡು ಕೈಚೀಲದಲ್ಲಿ ಹಾಕಿ ಬಸ್ಸಿನಲ್ಲಿ ಊರಿಗೆ ತಂದು ಚುಚ್ಚಿಸುವ ಕೆಲಸ ಮಾತ್ರ ಮಾಡ್ಬೇಡಿ, ಫ್ರಿಜ್ ಇದ್ದಲ್ಲಿಯೇ ಹಾಕಿಸಿ. ಮನೆಯಲ್ಲಿ ಯಾರಿಗಾದ್ರೂ ಜ್ವರ ಕೆಮ್ಮು ಬಂದ್ರೆ ಅಮ್ಮನ ಕೋಣೆಗೆ ಮಾಸ್ಕ್ ಹಾಕಿ ಹೋಗಿ, ಅಮ್ಮನಿಗೇ ಬಂದ್ರೆ ನಾಳೆ ನೋಡುವ ಅನ್ನದೆ ಅದೇ ದಿನ ಡಾಕ್ಟ್ರಿಗೆ ತೋರಿಸಿ, ಫ್ಲೂವಿನ ಒಸೆಲ್ಟಾಮಿವಿರ್ ಮಾತ್ರೆ ಮೊದಲ 48 ಗಂಟೆಯೊಳಗೆ ಶುರು ಮಾಡಿದ್ರೆ ಹೆಚ್ಚು ಹಿಡೀತದೆ, ಅದು ಸರಕಾರಿ ಆಸ್ಪತ್ರೆಯಲ್ಲೂ ಸಿಗ್ತದೆ.